‘ಪುಲಿ’ ಬಂದಿತೆಂಬ ಸುದ್ದಿ

ಕಳೆದ ವರ್ಷ ಒಂದು ಬೆಳಗ್ಗೆ ನಮ್ಮ ಎಂಟನೆಯ ತರಗತಿಯ ಅರ್ಧದಷ್ಟು ಬೆಂಚುಗಳು ಖಾಲಿ ಬಿದ್ದಿದ್ದವು. ಹಿಂದಿನ ಸಂಜೆ ಧ್ವನಿವರ್ಧಕ ಕಟ್ಟಿದ ಜೀಪೊಂದು ಊರಿಗೆ ‘ಪುಲಿ’ ಇಳಿದಿದೆಯೆಂದು ಮಲಯಾಳದಲ್ಲಿ ಸಾರಿ ಹೋಗಿತ್ತು. ಕನ್ನಡದ ಮನೆಗಳಲ್ಲಿ ಅದು ‘ಹುಲಿ’ಯಾಯಿತು, ತುಳುವಿನಲ್ಲಿ ‘ಪಿಲಿ’ಯಾಯಿತು. ಮಲಯಾಳದಲ್ಲಿ ಬರಿದೇ ‘ಪುಲಿ’ ಎಂದರೆ ಸಾಮಾನ್ಯವಾಗಿ ಚಿರತೆ. ಹುಲಿಯನ್ನು ಅವರು ‘ಕಡುವ’ ಎನ್ನುತ್ತಾರೆ. ಹೀಗೆ ಒಂದೇ ರಾತ್ರಿಯಲ್ಲಿ ಚಿರತೆ ಹುಲಿಯಾಗಿ ಬೆಳೆದಿತ್ತು. ಚಿರತೆಯೂ ಭಯಪಡತಕ್ಕ ಪ್ರಾಣಿಯೇ ಸರಿ. ಆದರೆ ಸುದ್ದಿ ತಪ್ಪಾದರೆ ಎಚ್ಚರವಿರಬೇಕಾದಲ್ಲಿ ದಿಗಿಲು ಬಂದು ಕೂರುತ್ತದೆ.

ಆ ದಿಗಿಲು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ನಮ್ಮಂತೆಯೇ ಗಡಿಯಲ್ಲಿ ಬಾಳುವ ಕನ್ನಡಿಗರಿರುವ ತಮಿಳುನಾಡಿನ ಸೇಲಂ, ಧರ್ಮಪುರಿ ಕಡೆಗಳತ್ತ ನೋಡಬೇಕು. ಕೃಷ್ಣಗಿರಿ 2004ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಧರ್ಮಪುರಿಗೇ ಸೇರಿದ್ದ ಹೊಸೂರು, ಡೆಂಕಣಿಕೋಟೆಗಳಲ್ಲಿ ಕನ್ನಡದ ಮನೆಗಳಿಗೆ ಕಡಿಮೆಯಿಲ್ಲ. ಸೇಲಂ ಜಿಲ್ಲೆಯ ಕೊಳತ್ತೂರು ಮೆಟ್ಟೂರು ಅಣೆಕಟ್ಟಿನ ಸಮೀಪದ್ದು. ಅದರಾಚೆಗೆ ಮಲೆಮಹದೇಶ್ವರ ಬೆಟ್ಟದ ಕಾಡು. 2024ರಲ್ಲಿ ಆ ಕಡೆಯ ಹಳ್ಳಿಗಳಲ್ಲಿ ಚಿರತೆ ಆಡುಗಳನ್ನು ಹಿಡಿಯತೊಡಗಿತು. ಅರಣ್ಯ ಇಲಾಖೆಯವರು ಬೋನು ಇಟ್ಟರು, ಕ್ಯಾಮರಾ ಕಟ್ಟಿದರು. ಸೆಪ್ಟೆಂಬರಿನಲ್ಲಿ ಚಿರತೆ ಗುಂಡೇಟು ತಿಂದ ಹೆಣವಾಗಿ ಸಿಕ್ಕಿತು, ಬಂಧನಗಳೂ ನಡೆದವು. ಆಡು ಕಳೆದುಕೊಂಡವನ ಸಂಕಟ ಸಣ್ಣದಲ್ಲ. ಆದರೆ ಕೋವಿ ಎತ್ತಿದ ಮನೆಗೆ ಆಡಿನ ನಷ್ಟದೊಡನೆ ಕೋರ್ಟಿನ ಅಲೆದಾಟವೂ ಗಂಟುಬೀಳುತ್ತದೆ.

ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ 2023ರ ಮಾರ್ಚ್ 7ರಂದು ಹೊಲದ ಸುತ್ತ ಅಕ್ರಮವಾಗಿ ವಿದ್ಯುತ್ ಹಾಯಿಸಿದ್ದ ತಂತಿ ತಗಲಿ ಮೂರು ಆನೆಗಳು ಸತ್ತವು. ಜತೆಯಲ್ಲಿದ್ದ ಎರಡು ಮರಿಗಳು ಉಳಿದವು. ಅದೇ ತಿಂಗಳ 18ರಂದು ಕಂಬೈನಲ್ಲೂರಿನ ಬಳಿ ಕೆರೆಯ ಏರಿ ಹತ್ತಿದ ಗಂಡಾನೆಯೊಂದು ಮೇಲಿನ ವಿದ್ಯುತ್ ತಂತಿಗೆ ತಾಗಿ ಬಿದ್ದಿತು. ಬೆಳೆ ಉಳಿಸಲೆಂದು ಕಳ್ಳತನದಲ್ಲಿ ಎಳೆದ ತಂತಿಗೆ ಆನೆ, ಮನುಷ್ಯರೆಂಬ ಭೇದವಿಲ್ಲ. ಕತ್ತಲಲ್ಲಿ ತೋಟಕ್ಕೆ ನೀರು ಬಿಡಲು ಹೊರಟ ನೆರೆಮನೆಯವನೂ ಅದಕ್ಕೆ ಸಿಕ್ಕಬಹುದು.

ಇಂಥ ವೇಳೆಯಲ್ಲಿ ಜನ ಮೊದಲು ಕರೆಯುವುದು ಪೋಲೀಸರನ್ನು. ‘ಕೈಯಲ್ಲಿ ಕೋವಿಯಿದೆಯಲ್ಲ, ಹೊಡೆಯಬಾರದೇ?’ ಎಂದು ಕೇಳುವವರುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಚಿರತೆ, ಆನೆಗಳನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆಜ್ಞೆ ಬೇಕು. ಹಿಡಿಯಲು, ಮದ್ದು ಕೊಟ್ಟು ಮಲಗಿಸಲು, ಬೇರೆಡೆಗೆ ಒಯ್ಯಲು ಸಾಧ್ಯವೇ ಇಲ್ಲವೆಂದು ಮನದಟ್ಟಾದ ಮೇಲಷ್ಟೇ ಅಂಥ ಆಜ್ಞೆ ಹೊರಡುತ್ತದೆ. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಮಾಡಿದ್ದು ಅಪರಾಧವಾಗದು. ಆದ್ದರಿಂದ ಪೋಲೀಸರ ಮುಖ್ಯ ಕೆಲಸ ಜನರ ಗುಂಪನ್ನು ತಡೆದು, ಅರಣ್ಯ ಸಿಬ್ಬಂದಿಗೆ ಜಾಗ ಮಾಡಿಕೊಡುವುದು. 2023ರ ಮೇ ತಿಂಗಳಲ್ಲಿ ಅರಿಕೊಂಬನ್ ಆನೆ ತೇನಿ ಜಿಲ್ಲೆಯ ಕಂಬಂ ಪೇಟೆಗೆ ಹೊಕ್ಕಾಗ ಗುಂಪು ಸೇರದಂತೆ ನಿಷೇಧಾಜ್ಞೆ ಹೊರಡಿಸಿದ್ದು ಇದಕ್ಕಾಗಿಯೇ.

ಗುಂಪಿನ ನಡುವೆ ಸಿಕ್ಕ ಪ್ರಾಣಿಗೆ ಓಡಲು ದಾರಿ ಬೇಕು. ದಾರಿ ಕಾಣದಿದ್ದರೆ ಅದು ಎದುರಿದ್ದವರ ಮೇಲೆ ಬೀಳುತ್ತದೆ. 2011ರ ಜೂನ್ 8ರಂದು ಮೈಸೂರು ನಗರಕ್ಕೆ ಎರಡು ಕಾಡಾನೆಗಳು ನುಗ್ಗಿದಾಗ ಒಬ್ಬರು ಪ್ರಾಣ ತೆತ್ತರು. 2016ರ ಫೆಬ್ರವರಿ 7ರಂದು ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ಹೊಕ್ಕಿತು. ಪುಣ್ಯಕ್ಕೆ ಅದು ಭಾನುವಾರ, ಮಕ್ಕಳಿರಲಿಲ್ಲ. ಹಿಡಿಯುವ ಕೆಲಸಕ್ಕೆ ನಿಂತ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೇ ಅದರ ಬಾಯಿಗೆ ಸಿಕ್ಕಿ ಗಾಯಗೊಂಡರು. ಬಲ್ಲವರಿಗೇ ಹೀಗಾದರೆ, ಕೋಲು ಹಿಡಿದು ನೋಡಲು ಓಡುವ ನಮ್ಮ ಹುಡುಗರ ಪಾಡೇನು?

ಮನೆಯವರಿಂದ ಆಗಬೇಕಾದದ್ದು ಹೆಚ್ಚೇನಿಲ್ಲ. ರಾತ್ರಿ ಆಡುಗಳನ್ನು ಬಾಗಿಲಿರುವ ಹಟ್ಟಿಯಲ್ಲಿ ಕೂಡಬೇಕು, ನಾಯಿಯನ್ನು ಹೊರಗೆ ಕಟ್ಟಬಾರದು, ಮಕ್ಕಳನ್ನು ಜತೆಮಾಡಿ ಕಳುಹಿಸಬೇಕು, ಪ್ರಾಣಿ ಕಂಡೊಡನೆ ಅರಣ್ಯ ಕಚೇರಿಗೆ ತಿಳಿಸಿ ದೂರ ಸರಿಯಬೇಕು. ಅಧಿಕಾರಿಗಳಲ್ಲಿ ನಮ್ಮ ಕೋರಿಕೆಯೂ ಒಂದೇ: ಕನ್ನಡದ ಮನೆಗಳಿರುವಲ್ಲಿ ಎಚ್ಚರಿಕೆಯನ್ನು ಕನ್ನಡದಲ್ಲಿಯೂ ಸಾರಲಿ. ಜೀಪು ಹೇಗೂ ಬರುತ್ತದೆ. ಇನ್ನೆರಡು ವಾಕ್ಯ ಹೇಳುವುದಕ್ಕೆ ಹೆಚ್ಚಿನ ಖರ್ಚಿಲ್ಲ.

ಅಂದು ನಾವು ಪಾಠ ಬದಿಗಿಟ್ಟು ಕರಿಹಲಗೆಯ ಮೇಲೆ ‘ಪುಲಿ – ಚಿರತೆ, ಕಡುವ – ಹುಲಿ’ ಎಂದು ಬರೆದೆವು. ಬಂದ ಮಕ್ಕಳು ಅದನ್ನು ಬರೆದುಕೊಂಡು ಮನೆಗೆ ಒಯ್ದರು. ಮರುದಿನ ಮಕ್ಕಳು ಮೂವರು ನಾಲ್ವರಾಗಿ ಕೂಡಿಕೊಂಡು ಬಂದರು. ಬೆಂಚುಗಳು ತುಂಬಿದ್ದವು.