ಮಾಗಿಯ ಚಳಿಯಲ್ಲಿ ನಿಧಾನದ ಓಟ

ಮಾಗಿಯ ಕಾಲ ಬಂದಿತೆಂದರೆ ನಮ್ಮ ಕೆಂಗೇರಿಯ ಬೆಳಗುಗಳು ಮಂಜಿನಿಂದ ತುಂಬುವುವು. ಅವರೆಕಾಯಿಯ ಸೊಗಡು ಸಂತೆಗೆ ಬರುವ ಈ ದಿನಗಳಲ್ಲಿ ಮಕ್ಕಳನ್ನು ಹೊದಿಕೆಯಿಂದ ಎಬ್ಬಿಸುವುದೇ ತಾಯಂದಿರಿಗೆ ಒಂದು ದೊಡ್ಡ ಕೆಲಸವಾಗುವುದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿರುವುದರಿಂದ ಡಿಸೆಂಬರು ಜನವರಿ ತಿಂಗಳುಗಳ ರಾತ್ರಿಯಲ್ಲಿ ಉಷ್ಣತೆಯು ಸಾಮಾನ್ಯವಾಗಿ ೧೫–೧೬ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಇಳಿಯುತ್ತದೆ. ಈ ನಗರದಲ್ಲಿ ಅಳೆದು ಬರೆದಿಟ್ಟಿರುವ ಅತ್ಯಂತ ಕಡಿಮೆಯ ಉಷ್ಣತೆಯು ೭.೮ ಡಿಗ್ರಿ, ಅದು ೧೮೮೪ನೆಯ ಇಸವಿ ಜನವರಿ ೧೩ರ ಮಾತು. ಹಿಮ ಬೀಳುವ ದೇಶದವರು ಇದನ್ನು ಕೇಳಿ ನಕ್ಕಾರು. ಆದರೆ ನಮಗೆ ಇದೇ ಚಳಿ. ಈ ಚಳಿಯಲ್ಲಿ ಮೆಲ್ಲಗೆ ಓಡುವುದರ ಹಿತವನ್ನೂ ಅದರ ಕಾರಣಗಳನ್ನೂ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶವು.

ಮೊದಲು, ನಿಧಾನದ ಓಟವೆಂದರೆ ಏನೆಂಬುದನ್ನು ತಿಳಿಯೋಣ. ಪಂದ್ಯದಲ್ಲಿ ಓಡಿದ ಮರುದಿನ, ಅಥವಾ ಮೈಮುರಿದು ಅಭ್ಯಾಸ ಮಾಡಿದ ಮರುದಿನ, ದಣಿದ ಮೈಗೆ ಮತ್ತೆ ದಣಿವನ್ನು ಸೇರಿಸದೆ ಇಪ್ಪತ್ತರಿಂದ ನಲವತ್ತು ನಿಮಿಷಗಳ ಕಾಲ ಹಗುರವಾಗಿ ಓಡುವುದಕ್ಕೆ ಈ ಹೆಸರು ಸಲ್ಲುತ್ತದೆ. ಇದಕ್ಕೆ ಗಡಿಯಾರದ ಅವಶ್ಯಕತೆಯಿಲ್ಲ. ಜೊತೆಯಲ್ಲಿ ಓಡುವ ಗೆಳತಿಗೆ ಮನೆಯ ಸುದ್ದಿಯನ್ನು ಪೂರ್ಣ ವಾಕ್ಯಗಳಲ್ಲಿ ಹೇಳಲು ಸಾಧ್ಯವಾದರೆ ವೇಗವು ಸರಿಯಾಗಿದೆಯೆಂದು ತಿಳಿಯಬೇಕು. ಎರಡು ಮಾತಿಗೊಮ್ಮೆ ಉಸಿರನ್ನು ಎಳೆದುಕೊಳ್ಳಬೇಕಾಗಿ ಬಂದರೆ ವೇಗವು ಹೆಚ್ಚಾಯಿತೆಂದು ತಿಳಿಯಬೇಕು. ಒಬ್ಬಳೇ ಓಡುವವಳು ತನ್ನಷ್ಟಕ್ಕೆ ತಾನೇ ಮಾತನಾಡಿ ನೋಡಬಹುದು. ನಡುನಡುವೆ ನಡೆದರೂ ದೋಷವಿಲ್ಲ. ಬಹುದಿನದ ಮೇಲೆ ಓಟವನ್ನು ಹಿಡಿಯುವವರಿಗೆ ಎರಡು ನಿಮಿಷ ಓಡಿ ಎರಡು ನಿಮಿಷ ನಡೆಯುವ ಕ್ರಮವೇ ಉತ್ತಮವಾದುದು.

ಹೀಗೆ ಓಡುವುದರಿಂದ ಆಗುವ ಪ್ರಯೋಜನವೇನು? ವೇಗವಾಗಿ ಓಡಿದಾಗ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲವು ನಿಲ್ಲುವುದೆಂದೂ, ಮರುದಿನದ ನೋವಿಗೆ ಅದೇ ಕಾರಣವೆಂದೂ, ಮೆಲ್ಲಗೆ ಓಡಿದರೆ ಅದು ತೊಳೆದು ಹೋಗುವುದೆಂದೂ ಬಹುಕಾಲ ಹೇಳುತ್ತಿದ್ದರು. ಈಗ ಈ ಮಾತು ನಿಂತಿಲ್ಲ. ಓಟ ಮುಗಿದ ಸುಮಾರು ಒಂದು ಗಂಟೆಯೊಳಗೆ ಲ್ಯಾಕ್ಟೇಟು ತಾನಾಗಿಯೇ ರಕ್ತದಿಂದ ಇಳಿದು ಹೋಗುತ್ತದೆ. ಒಂದೆರಡು ದಿನಗಳ ಮೇಲೆ ಕಾಣುವ ನೋವಾದರೋ, ಸ್ನಾಯುವಿನ ಎಳೆಗಳಲ್ಲಿ ಆದ ಕಣ್ಣಿಗೆ ಕಾಣದಷ್ಟು ಸಣ್ಣ ಹರಿತಗಳಿಂದ ಬಂದುದು. ಅವುಗಳನ್ನು ಕೂಡಿಸುವ ಕೆಲಸವನ್ನು ಮಾಡತಕ್ಕವು ನಿದ್ರೆ, ಆಹಾರ, ಕಾಲ ಈ ಮೂರೇ. ಹಾಗಾದರೆ ಮೆಲ್ಲಗಿನ ಓಟದ ಪುಣ್ಯವೇನೆಂದರೆ, ಅದು ಈ ಕೂಡಿಕೆಯನ್ನು ಕೆಡಿಸದೆ ಮೈಯನ್ನು ಚಲನೆಯಲ್ಲಿ ಇಡುತ್ತದೆ. ಬಿಗಿದ ಕಾಲುಗಳು ಸಡಿಲವಾಗುತ್ತವೆ. ಅದಲ್ಲದೆ, ಮೆಲ್ಲಗೆ ಓಡಿದ ದಿನಗಳು ತಿಂಗಳುಗಟ್ಟಲೆ ಕೂಡಿಬಂದಾಗ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉಂಟುಮಾಡುವ ಮೈಟೋಕಾಂಡ್ರಿಯಗಳೆಂಬ ಕಣಗಳು ವೃದ್ಧಿಯಾಗುತ್ತವೆ. ಮೈಯು ಕೊಬ್ಬನ್ನು ಉರುವಲಾಗಿ ಬಳಸುವುದನ್ನು ಕಲಿಯುತ್ತದೆ. ಮೂಳೆಗಳೂ ಸ್ನಾಯುರಜ್ಜುಗಳೂ ಕ್ರಮಕ್ರಮವಾಗಿ ಗಟ್ಟಿಯಾಗುತ್ತವೆ. ಒಲೆಯನ್ನು ದೊಡ್ಡದಾಗಿ ಉರಿಸಿದರೆ ಹಾಲು ಉಕ್ಕುವುದು. ಸಣ್ಣ ಉರಿಯಲ್ಲಿ ಇಟ್ಟರೆ ಕೆನೆಗಟ್ಟುವುದು. ಇದೂ ಹಾಗೆಯೇ.

ಈ ಓಟಕ್ಕೆ ಚಳಿಗಾಲವು ಹೇಗೆ ಅನುಕೂಲವಾದುದೆಂಬುದನ್ನು ಇನ್ನು ನೋಡೋಣ. ಓಡುವವರ ಸ್ನಾಯುಗಳು ಖರ್ಚುಮಾಡುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಚಲನೆಯಾಗದೆ ಬಿಸಿಯಾಗಿಯೇ ಹೊರಬೀಳುತ್ತದೆ. ಬೇಸಗೆಯಲ್ಲಿ ಈ ಬಿಸಿಯನ್ನು ಹೊರಹಾಕಲು ಹೃದಯವು ಸ್ನಾಯುಗಳಿಗೂ ಚರ್ಮಕ್ಕೂ ಏಕಕಾಲದಲ್ಲಿ ರಕ್ತವನ್ನು ಒದಗಿಸಬೇಕಾಗಿ, ಬೇಗನೆ ಬಳಲಿಕೆ ಬರುತ್ತದೆ. ಚಳಿಯಲ್ಲಿಯಾದರೋ ಬಿಸಿಯು ಸುಲಭವಾಗಿ ಗಾಳಿಗೆ ಸೇರಿಹೋಗುವುದರಿಂದ ಹೃದಯದ ಹೊರೆಯು ಕಡಿಮೆಯಾಗುತ್ತದೆ. ಮೊದಲ ಹತ್ತು ನಿಮಿಷ ಮಾತ್ರ ಕೈ ಮರಗಟ್ಟಿ ಮೊಣಕಾಲು ಬಿಗಿದಂತೆ ತೋರುವುದು ನಿಜ. ಅಷ್ಟನ್ನು ನಡಿಗೆಯಿಂದಲೂ ಬಹು ಮೆಲ್ಲನೆಯ ಓಟದಿಂದಲೂ ಕಳೆದರೆ, ಆಮೇಲೆ ಒಳಗಿನಿಂದ ಏಳುವ ಬಿಸಿಯೂ ಮುಖಕ್ಕೆ ತಗಲುವ ತಂಪೂ ಸೇರಿ ಕೊಡುವ ಸುಖವನ್ನು ಕಂಡವರೇ ಬಲ್ಲರು.

ತಾಯಂದಿರು ಇಲ್ಲಿ ಒಂದು ಆಕ್ಷೇಪಣೆಯನ್ನು ತರುವರು: "ಮಂಜಿನಲ್ಲಿ ಹೋದರೆ ಹುಡುಗಿಗೆ ನೆಗಡಿಯಾಗುವುದಿಲ್ಲವೆ?" ನೆಗಡಿಯನ್ನು ತರತಕ್ಕದ್ದು ವೈರಸ್ಸು, ಅದು ಬಹುಮಟ್ಟಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರಿಂದೊಬ್ಬರಿಗೆ ಅಂಟುವುದು. ತಂಪಾದ ಗಾಳಿಯೊಂದೇ ಅದನ್ನು ಹುಟ್ಟಿಸಲಾರದು. ಆದರೂ ತಾಯಿಯ ಎಚ್ಚರಿಕೆಯು ವ್ಯರ್ಥವಲ್ಲ. ಉಬ್ಬಸವಿರುವ ಮಕ್ಕಳಿಗೆ ತಂಪಾದ ಒಣಗಾಳಿಯು ಶ್ವಾಸನಾಳವನ್ನು ಬಿಗಿಯುವುದುಂಟು. ಅಂತಹವರು ವೈದ್ಯರ ಸಲಹೆಯನ್ನು ಪಡೆದು, ಅವರು ಕೊಟ್ಟ ಔಷಧವನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಜ್ವರವಿರುವಾಗ ಯಾರೂ ಓಡಲಾಗದು. ಬಟ್ಟೆಯು ದಪ್ಪನಾದ ಒಂದಕ್ಕಿಂತ ತೆಳುವಾದ ಎರಡಿರುವುದು ಮೇಲು. ಮೈ ಕಾದ ಕೂಡಲೇ ಮೇಲಿನದನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಬಹುದು. ಕಿವಿಗಳಿಗೆ ಒಂದು ವಸ್ತ್ರವಿದ್ದರೆ ಸಾಕು. ಓಟ ನಿಂತೊಡನೆ ಬೆವರಿನಿಂದ ನೆನೆದ ಹತ್ತಿಯ ಬಟ್ಟೆಯು ಮೈಯನ್ನು ಬೇಗನೆ ತಣಿಸುವುದರಿಂದ, ನಿಂತು ಮಾತನಾಡುವುದಕ್ಕೆ ಮೊದಲು ಒಣಬಟ್ಟೆಯನ್ನು ಉಡತಕ್ಕದ್ದು. ಚಳಿಯಲ್ಲಿ ಬಾಯಾರಿಕೆಯು ಅಷ್ಟಾಗಿ ತಿಳಿಯದಾದರೂ ನೀರನ್ನು ಕುಡಿಯಲು ಮರೆಯಬಾರದು.

ಎಲ್ಲಿ ಓಡಬೇಕೆಂಬುದೂ ವಿಚಾರ ಮಾಡತಕ್ಕ ಮಾತೇ. ೨೦೨೧ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟಿತು, ಊರು ಬೆಳೆಯಿತು, ಆದರೆ ಮೈಸೂರು ರಸ್ತೆಯ ವಾಹನಗಳ ಹೊಗೆಯು ಹೋಗಲಿಲ್ಲ. ಚಳಿಗಾಲದ ಮುಂಜಾನೆಯಲ್ಲಿ ನೆಲದ ಹತ್ತಿರದ ಗಾಳಿಯು ತಣ್ಣಗಾಗಿ ಕೆಳಗೇ ನಿಲ್ಲುವುದರಿಂದ, ವಾಹನಗಳ ಹೊಗೆಯೂ ಕಸ ಸುಡುವ ಹೊಗೆಯೂ ಮೇಲೇಳದೆ ನಮ್ಮ ಮೂಗಿನ ಮಟ್ಟದಲ್ಲಿಯೇ ಸುಳಿಯುತ್ತವೆ. ಚರಂಡಿಯ ನೀರನ್ನು ಹೊತ್ತು ಹರಿಯುವ ವೃಷಭಾವತಿಯ ದಡವೂ ಓಟಕ್ಕೆ ತಕ್ಕುದಲ್ಲ. ಆದುದರಿಂದ ಹೆದ್ದಾರಿಯನ್ನು ಬಿಟ್ಟು ಉಪನಗರದ ಒಳರಸ್ತೆಗಳನ್ನೂ, ಮರಗಳಿರುವ ಉದ್ಯಾನಗಳನ್ನೂ, ಅನುಮತಿಯಿರುವ ವೇಳೆಯಲ್ಲಿ ಜ್ಞಾನಭಾರತಿಯ ವಿಶಾಲವಾದ ಆವರಣವನ್ನೂ ಆರಿಸಿಕೊಳ್ಳುವುದು ಲೇಸು. ಜನವರಿಯಲ್ಲಿ ಇಲ್ಲಿ ಸೂರ್ಯೋದಯವು ಸುಮಾರು ಆರೂಮುಕ್ಕಾಲು ಗಂಟೆಗೆ. ಬೆಳಕು ಹರಿದ ಮೇಲೆ, ಇಬ್ಬರು ಮೂವರು ಜೊತೆಗೂಡಿ ಹೊರಟರೆ ಮನೆಯವರಿಗೂ ಚಿಂತೆಯಿಲ್ಲ. ಆ ಜ್ಞಾನಭಾರತಿಯ ಆವರಣದಲ್ಲಿಯೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದ್ದು, ನಮ್ಮ ದೇಶದ ಹಾಕಿ ಆಟಗಾರ್ತಿಯರು ಶಿಬಿರಕ್ಕೆ ಬಂದು ತರಬೇತಿ ಪಡೆಯುತ್ತಾರೆಂಬುದು ಕೆಂಗೇರಿಯವರಿಗೆ ಹೆಮ್ಮೆಯ ಸಂಗತಿ. ಇಂತಹ ಕ್ರೀಡಾಪಟುಗಳ ತರಬೇತಿಯಲ್ಲಿಯೂ ಶ್ರಮದ ದಿನದಂತೆ ಹಗುರದ ದಿನವೂ ಮೊದಲೇ ಗೊತ್ತುಮಾಡಲ್ಪಟ್ಟಿರುತ್ತದೆ.

ಇಷ್ಟು ಸುಲಭವಾದುದನ್ನು ಮಾಡಲು ಕಷ್ಟವೇನೆಂದು ಕೇಳಬಹುದು. ಕಷ್ಟವುಂಟು, ಅದು ಸೋಮಾರಿಯಾದ ಹುಡುಗಿಗಲ್ಲ, ಶ್ರದ್ಧೆಯುಳ್ಳ ಹುಡುಗಿಗೆ. ನಮ್ಮಂತಹ ಶಾಲೆಗಳು ಮಕ್ಕಳಿಗೆ ಹೆಚ್ಚಾಗಿ ಕಲಿಸುವುದು ಪ್ರಯತ್ನವನ್ನು. ಇನ್ನೂ ಚೆನ್ನಾಗಿ ಬರೆ, ಇನ್ನೂ ಬೇಗ ಲೆಕ್ಕ ಮಾಡು ಎಂದು ಕೇಳಿ ಬೆಳೆದ ಹುಡುಗಿಯು ಹಗುರದ ದಿನದಲ್ಲಿಯೂ ನಿನ್ನೆಗಿಂತ ಒಂದು ಹೆಜ್ಜೆ ಮುಂದಿರಬೇಕೆಂದು ಓಡುತ್ತಾಳೆ. ಪಕ್ಕದಲ್ಲಿ ಯಾರಾದರೂ ದಾಟಿಹೋದರೆ ಅದು ಸೋಲೆಂದು ಎಣಿಸುತ್ತಾಳೆ. ಹೀಗೆ ಎಲ್ಲ ದಿನಗಳೂ ಅರೆಕಷ್ಟದ ದಿನಗಳಾಗಿ, ವಿಶ್ರಾಂತಿಯೂ ಇಲ್ಲ, ನಿಜವಾದ ವೇಗವೂ ಇಲ್ಲ ಎಂಬಂತಾಗುವುದು. ಇದರ ಮೇಲೆ ಊಟವನ್ನೂ ಕಡಿಮೆ ಮಾಡಿದರೆ ಅಪಾಯವೇ ಸರಿ. ಖರ್ಚಾದ ಶಕ್ತಿಗೆ ತಕ್ಕ ಆಹಾರ ದೊರೆಯದಿದ್ದಾಗ ಋತುಕ್ರಮ ತಪ್ಪುವುದೂ, ಮೂಳೆಗಳು ಬಲಹೀನವಾಗಿ ಬಿರುಕು ಬಿಡುವುದೂ ಉಂಟೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ೨೦೧೪ರಲ್ಲಿ ಎಚ್ಚರಿಸಿದ್ದಾರೆ. ಮಗಳ ಮುಟ್ಟು ಕೆಲವು ತಿಂಗಳು ನಿಂತರೆ ತಾಯಿಯು ಅದನ್ನು ಓಟದ ಸಹಜ ಫಲವೆಂದು ಬಿಡದೆ ವೈದ್ಯರಿಗೆ ತೋರಿಸಬೇಕು. ಇದನ್ನು ನಾಚಿಕೆಯಿಲ್ಲದೆ ಹೇಳಬೇಕಾದುದು ನಮ್ಮ ಕರ್ತವ್ಯ.

ಹೆಂಗಸರ ಓಟದ ಚರಿತ್ರೆಯೂ ಇಲ್ಲಿ ಸ್ವಲ್ಪ ಪಾಠವನ್ನು ಕೊಡುತ್ತದೆ. ೧೯೨೮ರಲ್ಲಿ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು ಮೊದಲ ಬಾರಿಗೆ ೮೦೦ ಮೀಟರು ಓಡಿದರು. ಅಂತಿಮ ಓಟದ ಒಂಬತ್ತು ಮಂದಿಯೂ ಗುರಿ ಮುಟ್ಟಿದರು. ಆದರೂ ಹಲವರು ಕುಸಿದು ಬಿದ್ದರೆಂದು ಪತ್ರಿಕೆಗಳು ಬರೆದುವು. ಹೆಂಗಸಿನ ಮೈಗೆ ಇದು ಆಗದೆಂದು ಆ ಪಂದ್ಯವನ್ನು ತೆಗೆದುಹಾಕಿದರು. ಅದು ಮತ್ತೆ ಬಂದುದು ೧೯೬೦ರಲ್ಲಿ, ರೋಮಿನಲ್ಲಿ. ಅದೇ ರೋಮಿನಲ್ಲಿ ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ಶಿಕ್ಷಕರ ಇಬ್ಬರು ಶಿಷ್ಯರು ಒಂದೇ ದಿನ ಚಿನ್ನದ ಪದಕಗಳನ್ನು ಗೆದ್ದರು. ಆ ಲಿಡಿಯಾರ್ಡರೇ ಮುಂದೆ ತಮ್ಮ ಊರಿನ ನಡುವಯಸ್ಸಿನವರನ್ನು ಕೂಡಿಸಿ, ಸ್ಪರ್ಧೆಯಿಲ್ಲದೆ ಮಾತನಾಡುತ್ತ ಓಡುವ ಪದ್ಧತಿಯನ್ನು ಹರಡಿದರು. ಜರ್ಮನಿಯ ವೈದ್ಯರಾದ ಎರ್ನ್‌ಸ್ಟ್ ಫಾನ್ ಆಕೆನ್ ಎಂಬವರು, ಮೆಲ್ಲಗೆ ಬಹುದೂರ ಓಡುವ ಶಕ್ತಿಯು ಹೆಂಗಸರಿಗೆ ಚೆನ್ನಾಗಿಯೇ ಉಂಟೆಂದು ವಾದಿಸಿ, ೧೯೭೩ರಲ್ಲಿ ವಾಲ್ಡ್‌ನೀಲ್‌ನಲ್ಲಿ ಹೆಂಗಸರಿಗಾಗಿಯೇ ಒಂದು ಮ್ಯಾರಥಾನನ್ನು ನಡೆಯಿಸಿದರು. ಒಲಿಂಪಿಕ್ಸಿಗೆ ಹೆಂಗಸರ ಮ್ಯಾರಥಾನು ಬಂದುದು ೧೯೮೪ರಲ್ಲಿ, ಲಾಸ್ ಏಂಜಲೀಸಿನಲ್ಲಿ. ನಮ್ಮ ಬೆಂಗಳೂರಿನಲ್ಲಿ ೨೦೦೮ರಲ್ಲಿ ಆರಂಭವಾದ ಹತ್ತು ಕಿಲೋಮೀಟರಿನ ಓಟದಲ್ಲಿ ಗೃಹಿಣಿಯರೂ ಅಜ್ಜಿಯರೂ ಓಡುವುದನ್ನು ಈಗ ಯಾರೂ ಅದ್ಭುತವೆಂದು ಎಣಿಸುವುದಿಲ್ಲ. ಹೆಂಗಸು ಓಡಬಲ್ಲಳೆ ಎಂಬ ಪ್ರಶ್ನೆ ತೀರಿಹೋಯಿತು. ಗೆಲ್ಲುವ ಉದ್ದೇಶವಿಲ್ಲದೆಯೂ ಅವಳು ಓಡಬಹುದೆ ಎಂಬ ಪ್ರಶ್ನೆ ಮಾತ್ರ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ.

ಏಕೆಂದರೆ, ಶಾಲೆಯ ಆಟದ ದಿನದಲ್ಲಿ ಜಿಂಕೆಯಂತೆ ಓಡಿದ ಹುಡುಗಿಯರಲ್ಲಿ ಎಷ್ಟೋ ಮಂದಿ ಶಾಲೆಯನ್ನು ಬಿಟ್ಟ ವರ್ಷದಲ್ಲಿಯೇ ಓಟವನ್ನೂ ಬಿಡುತ್ತಾರೆ. ಬಹುಮಾನವಿಲ್ಲದ ಮೇಲೆ ಓಟವೇಕೆಂದು ಅವರಿಗೂ ತೋರುತ್ತದೆ, ಮನೆಯವರಿಗೂ ತೋರುತ್ತದೆ. ವೇಗವು ಹರೆಯದ ಸೊತ್ತು. ಅದು ಹೋಗಿಯೇ ಹೋಗುವುದು. ನಿಧಾನವಾದರೋ ನಲವತ್ತರಲ್ಲಿಯೂ ಅರವತ್ತರಲ್ಲಿಯೂ ಕೈಬಿಡದು. ನಿಧಾನವೇ ಪ್ರಧಾನವೆಂದು ಹಿರಿಯರು ಆಡಿದ ಮಾತು ಕಾಲುಗಳಿಗೂ ಸಲ್ಲುತ್ತದೆ.

ಆದುದರಿಂದ ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮಗಳು ಬೆಳಗ್ಗೆ ಓಡಿ ಬಂದಾಗ "ಎಷ್ಟು ನಿಮಿಷದಲ್ಲಿ ಓಡಿದೆ?" ಎಂದು ಪ್ರತಿದಿನವೂ ಕೇಳಬೇಡಿರಿ, ಬಿಸಿಯಾಗಿ ಏನನ್ನಾದರೂ ತಿನ್ನಲು ಕೊಡಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಹೇಳುವುದೇನೆಂದರೆ, ಈ ಮಾಗಿಯಲ್ಲಿ ವಾರಕ್ಕೆ ಮೂರು ಬೆಳಗನ್ನು ನಿಮಗಾಗಿ ಇಟ್ಟುಕೊಳ್ಳಿರಿ. ಒಬ್ಬ ಗೆಳತಿಯನ್ನು ಕರೆದುಕೊಳ್ಳಿರಿ. ಹಿಂದಿನಿಂದ ಬಂದವರು ದಾಟಿ ಹೋಗಲಿ, ನೀವು ಮಾತನ್ನು ನಿಲ್ಲಿಸದೆ ಓಡಿರಿ.