ಪರಾಠಾ ಬೇಯುವ ವಾಸನೆ

ಮದುವೆಯಾಗಿ ಕೇಂಬ್ರಿಜ್‌ಗೆ ಬಂದ ಹೊಸತು. 1991ರ ಚಳಿಗಾಲ, ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಅಸ್ಮಾ ಖಾನ್ ಒಂದು ದಿನ ಬೀದಿಯಲ್ಲಿ ಹೋಗುತ್ತಿದ್ದಾಗ ಯಾರದೋ ಮನೆಯೊಳಗಿಂದ ಪರಾಠಾ ಬೇಯುವ ವಾಸನೆ ಬಂತು. ಕಾಲು ಮುಂದಕ್ಕೆ ಹೋಗಲಿಲ್ಲ. ಆ ಮನೆಯ ಮುಂದೆ ನಿಂತು ಅತ್ತರು, ಬಾಗಿಲು ಮಾತ್ರ ತಟ್ಟಲಿಲ್ಲ. ಗುರುತು ಪರಿಚಯ ಇಲ್ಲದವರ ಮನೆಯಲ್ಲಿ ಒಂದು ತುತ್ತು ಕೊಡಿ ಎಂದು ಕೇಳುವುದು ಹೇಗೆ?

ಇಂದು ಲಂಡನ್‌ನ ಹೆಸರಾಂತ ಹೋಟೆಲುಗಳಲ್ಲೊಂದಾದ ‘ಡಾರ್ಜಿಲಿಂಗ್ ಎಕ್ಸ್‌ಪ್ರೆಸ್’ನ ಕಥೆಯನ್ನು ಅಸ್ಮಾ ಹೇಳುವಾಗ ಆ ಮುಚ್ಚಿದ ಬಾಗಿಲು ಮತ್ತೆ ಮತ್ತೆ ಬರುತ್ತದೆ. ಅಡುಗೆ ಕಲಿಯಬೇಕು ಎಂದು ಅವರಿಗೆ ಅನ್ನಿಸಿದ್ದೇ ಆಗ. ಅಲ್ಲಿಯವರೆಗೆ ಮೊಟ್ಟೆ ಬೇಯಿಸುವುದೂ ಗೊತ್ತಿರಲಿಲ್ಲ. ಕಲ್ಕತ್ತದ ಮನೆಯಲ್ಲಿ ಆ ಗರಜು ಬಿದ್ದಿರಲೂ ಇಲ್ಲ. ತಂದೆಯ ಕಡೆಯವರೂ ತಾಯಿಯ ಕಡೆಯವರೂ ಹಳೆಯ ರಾಜಮನೆತನದವರು. ಕೇಂಬ್ರಿಜ್‌ನಲ್ಲೇ ಇದ್ದ ಅತ್ತೆಯೊಬ್ಬರಿಂದ ಮೊದಲ ಪಾಠವಾಯಿತು. ಆಮೇಲೆ ಕೆಲವು ತಿಂಗಳು ಕಲ್ಕತ್ತಕ್ಕೇ ಹೋಗಿ ತಾಯಿಯ ಪಕ್ಕ ನಿಂತು ಕಲಿತರು. ತಾಯಿಗೆ ಅಡುಗೆ ಕಂಟ್ರಾಕ್ಟಿನ ವ್ಯವಹಾರವೇ ಇತ್ತು, ನೂರಾರು ಜನಕ್ಕೆ ಬಡಿಸಿದ ಕೈ.

ಬರಿಗೈಲಿ ಬಂದು ಪಾತ್ರೆ ತೊಳೆದು ಮೇಲೆ ಬಂದವರ ಕಥೆ ಇದಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಗಂಡ ಅರ್ಥಶಾಸ್ತ್ರದ ಅಧ್ಯಾಪಕರು. ಅಸ್ಮಾ ಕಾನೂನು ಓದಿ, ಲಂಡನ್‌ನ ಕಿಂಗ್ಸ್ ಕಾಲೇಜಿನಲ್ಲಿ ಬ್ರಿಟಿಷ್ ಸಂವಿಧಾನ ಕಾನೂನಿನ ಮೇಲೆ ಡಾಕ್ಟರೇಟ್ ಮಾಡಿದವರು. ತಾನು ಅನುಕೂಲಸ್ಥರ ಮನೆಯಿಂದ ಬಂದವಳು ಎಂಬುದನ್ನು ಅವರು ಮುಚ್ಚಿಟ್ಟಿಲ್ಲ. ಬಡತನದಿಂದ ಸಿರಿತನಕ್ಕೆ ಎಂಬ ಸಿದ್ಧ ಅಚ್ಚಿಗೆ ಈ ಕಥೆ ಒಗ್ಗುವುದಿಲ್ಲ, ಒಗ್ಗಿಸುವುದೂ ಬೇಡ. ಇದರ ಸ್ವಾರಸ್ಯ ಬೇರೆ ಕಡೆ ಇದೆ, ಅವರ ಜೊತೆ ಒಲೆ ಮುಂದೆ ನಿಂತವರಲ್ಲಿ.

ಲಂಡನ್‌ನಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು, ಕರೆತರಲು ಹೋದಾಗ ಗೇಟಿನ ಹತ್ತಿರ ಅಸ್ಮಾ ಕಣ್ಣಿಗೆ ಬೀಳುತ್ತಿದ್ದವರು ಮಕ್ಕಳನ್ನು ನೋಡಿಕೊಳ್ಳುವ ಕೆಲಸದ ಹೆಂಗಸರು. ಭಾರತದವರು, ನೇಪಾಳದವರು. ತಮ್ಮ ಮಕ್ಕಳನ್ನು ಊರಲ್ಲಿ ಬಿಟ್ಟು ಇನ್ನೊಬ್ಬರ ಮಕ್ಕಳ ಕೈ ಹಿಡಿದು ನಡೆಯುವವರು. ಹಿಂದಿಯಲ್ಲಿ, ಬಂಗಾಳಿಯಲ್ಲಿ ಮಾತು ಬೆಳೆಯಿತು. ಚಹಾಕ್ಕೆ ಕರೆದರು. ಚಹಾದ ಜೊತೆ ತಿಂಡಿ ಬಂತು, ತಿಂಡಿಯ ಹಿಂದೆಯೇ ನಮ್ಮ ಕಡೆ ಇದನ್ನು ಹೀಗೆ ಮಾಡುವುದಿಲ್ಲ ಎಂಬ ತಕರಾರೂ ಬಂತು. ಅಡುಗೆಮನೆಯಲ್ಲಿ ಸ್ನೇಹ ಬೆಳೆಯುವುದೇ ಈ ತಕರಾರಿನಿಂದ. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ವಾದ ಮಾಡಿದ ಯಾರಿಗಾದರೂ ಇದು ಗೊತ್ತು.

2012ರಲ್ಲಿ, ಡಾಕ್ಟರೇಟ್ ಮುಗಿದ ವರ್ಷವೇ, ಅಸ್ಮಾ ಮನೆಯಲ್ಲಿ ‘ಸಪ್ಪರ್ ಕ್ಲಬ್’ ಶುರುಮಾಡಿದರು. ಹಣ ಕೊಟ್ಟು ಬರುವ ಅಪರಿಚಿತರಿಗೆ ಮನೆಯಲ್ಲೇ ಕೂರಿಸಿ ಊಟ ಹಾಕುವ ಪದ್ಧತಿ ಅದು. ನಮ್ಮ ಕಡೆಯ ಹಳೆಯ ಖಾನಾವಳಿಗೆ ಹತ್ತಿರದ್ದು, ಆದರೆ ತಿಂಗಳಿಗೆ ಒಂದೆರಡು ಸಲ ಮಾತ್ರ. ಅಡುಗೆಗೆ ಜೊತೆಯಾದವರು ಅದೇ ಶಾಲೆ ಗೇಟಿನ ಗೆಳತಿಯರು. ಗಂಡನಿಗೆ ಈ ಗದ್ದಲ ಹಿಡಿಸುತ್ತಿರಲಿಲ್ಲವಾದ್ದರಿಂದ ಅವರು ಪರ ಊರಿಗೆ ಹೋಗುವ ದಿನ ನೋಡಿ ಎಲೆ ಹಾಕಿದ್ದೂ ಉಂಟು. ಕೊನೆಗೆ ತಕರಾರು ತೆಗೆದವರು ಮಕ್ಕಳು: ಮನೆಯನ್ನು ಹೋಟೆಲು ಮಾಡಿಬಿಟ್ಟೆ ಎಂದು. 2015ರಲ್ಲಿ ಈ ಬಳಗ ಸೋಹೋ ಬಡಾವಣೆಯ ಒಂದು ಪಬ್ಬಿನ ಅಡುಗೆಮನೆಗೆ ಹೋಯಿತು. ಲಂಡನ್‌ನ ಹಿರಿಯ ಆಹಾರ ವಿಮರ್ಶಕಿ ಫೇ ಮಾಷ್ಲರ್ ಅಲ್ಲಿ ಉಂಡು ಬರೆದರು. 2017ರ ಜೂನ್‌ನಲ್ಲಿ ಕಾರ್ನಬಿ ಬೀದಿ ಪಕ್ಕದ ಕಿಂಗ್ಲಿ ಕೋರ್ಟ್‌ನಲ್ಲಿ ಸ್ವಂತ ಹೋಟೆಲು ಬಾಗಿಲು ತೆರೆಯಿತು. ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಬೆಟ್ಟ ಹತ್ತಿಸುತ್ತಿದ್ದ ರೈಲಿನ ನೆನಪಿಗೆ ‘ಡಾರ್ಜಿಲಿಂಗ್ ಎಕ್ಸ್‌ಪ್ರೆಸ್’ ಎಂಬ ಹೆಸರು.

ಅಡುಗೆಮನೆಯಲ್ಲಿ ಎಲ್ಲರೂ ಹೆಂಗಸರು. ಯಾರೂ ಕೇಟರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಹೆಚ್ಚಿನವರು ನಡುವಯಸ್ಸು ದಾಟಿದವರು. ಬ್ರಿಟನ್‌ನಲ್ಲಿ ‘ಇಂಡಿಯನ್’ ಎಂಬ ಬೋರ್ಡು ಹಾಕಿಕೊಂಡ ಹೋಟೆಲುಗಳಲ್ಲಿ ಬಹುಪಾಲು ಬಾಂಗ್ಲಾದೇಶದವರದು, ಅದರಲ್ಲೂ ಸಿಲ್ಹೆಟ್ ಕಡೆಯವರದು. ಒಲೆ ಮುಂದೆ ಗಂಡಸರೇ. ಹಾಗೆ ನೋಡಿದರೆ ಲಂಡನ್‌ನಲ್ಲಿ ಭಾರತೀಯ ಊಟದ ಮೊದಲ ಹೋಟೆಲು ತೆರೆದದ್ದೂ ವಲಸೆ ಹೋದ ಒಬ್ಬ ಗಂಡಸೇ. ಪಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿದ್ದು, ಕಡಲು ದಾಟಿದ ದೀನ್ ಮಹಮದ್ 1810ರಲ್ಲಿ ‘ಹಿಂದೂಸ್ತಾನೀ ಕಾಫಿ ಹೌಸ್’ ತೆರೆದು, ಹುಕ್ಕಾ ಸಮೇತ ಉಪಚಾರ ಮಾಡಿ, 1812ರಲ್ಲಿ ದಿವಾಳಿ ಎದ್ದರು.

ಕನ್ನಡದವರಿಗೆ ಈ ಗಂಡಸರ ಒಲೆ ಹೊಸದಲ್ಲ. ಉಡುಪಿ ಕಡೆಯ ಹುಡುಗರು ಮುಂಬೈಗೆ ಓಡಿಹೋಗಿ, ಹಗಲು ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಹೋಟೆಲು ಮಾಲೀಕರಾದದ್ದು ನಮ್ಮದೇ ವಲಸೆಯ ಚರಿತ್ರೆ. ಮಾಟುಂಗದಲ್ಲಿ ರಾಮ ನಾಯಕ್ ಅವರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಲೆ ಹಾಕುತ್ತದೆ. ಆ ಸಾರು, ಆ ಪಲ್ಯದ ಹದ ಯಾವುದೋ ಅಮ್ಮನದು, ಅಜ್ಜಿಯದು. ಬೋರ್ಡಿನ ಮೇಲೆ ಅವರ ಹೆಸರು ಬರಲಿಲ್ಲ, ಗಲ್ಲಾದ ಹತ್ತಿರವೂ ಅವರು ಬರಲಿಲ್ಲ. ಮನೆಯಲ್ಲಿ ಬಿಟ್ಟಿ ದುಡಿಮೆಯಾಗಿದ್ದ ಅಡುಗೆಗೆ ಸಂಬಳ ಕೊಟ್ಟು, ಮಾಡಿದವರನ್ನು ಗಿರಾಕಿಯ ಕಣ್ಣಿಗೆ ಕಾಣುವಂತೆ ನಿಲ್ಲಿಸಿದ್ದು ಅಸ್ಮಾ ಮಾಡಿದ ಹೊಸ ಕೆಲಸ. ಕಿಂಗ್ಲಿ ಕೋರ್ಟ್‌ನ ಅಡುಗೆಮನೆಗೆ ಗೋಡೆಯ ಮರೆ ಇಲ್ಲ. ಕುಳಿತವರಿಗೆ ಒಲೆಯೂ ಕಾಣುತ್ತದೆ, ಒಲೆಯ ಮುಂದಿನ ಮುಖವೂ ಕಾಣುತ್ತದೆ.

ಇನ್ನು ತಟ್ಟೆಯಲ್ಲಿರುವುದನ್ನು ನೋಡೋಣ. ಕಲ್ಕತ್ತ ಬಿರಿಯಾನಿಯನ್ನು ಮೊದಲ ಸಲ ತಿನ್ನುವವರು ಅದರೊಳಗೆ ಇಡೀ ಆಲೂಗಡ್ಡೆ ಕಂಡು ಹುಬ್ಬೇರಿಸುತ್ತಾರೆ. ನಮ್ಮ ದೊನ್ನೆ ಬಿರಿಯಾನಿಯ ಹಸಿರು ಖಾರಕ್ಕೆ ಒಗ್ಗಿದ ನಾಲಿಗೆಗೆ ಅದು ಸಪ್ಪೆ ಎನ್ನಿಸಲೂಬಹುದು. ಅದರ ಹದವೇ ಬೇರೆ. ಆಲೂಗಡ್ಡೆಯನ್ನು ಸಿಪ್ಪೆ ತೆಗೆದು, ಕೇಸರಿ ಬಣ್ಣ ಹಿಡಿಯುವಂತೆ ತುಪ್ಪದಲ್ಲಿ ಬಾಡಿಸಿಕೊಳ್ಳಬೇಕು. ಮೊಸರು-ಮಸಾಲೆಯಲ್ಲಿ ಬೆಂದ ಮಾಂಸ ತಳಕ್ಕೆ, ಅದರ ಮೇಲೆ ಆಲೂಗಡ್ಡೆ, ಅದರ ಮೇಲೆ ಮುಕ್ಕಾಲು ಬೆಂದ ಉದ್ದಕ್ಕಿ ಅನ್ನ. ಕೇಸರಿ ನೆನೆಸಿದ ಹಾಲು, ಕೇದಗೆಯ ನೀರು ಚಿಮುಕಿಸಿ, ಮುಚ್ಚಳದ ಅಂಚಿಗೆ ಕಣಕ ಮೆತ್ತಿ ಉಗಿ ಹೊರಹೋಗದಂತೆ ಬಿಗಿಯಬೇಕು. ಆಮೇಲೆ ಸಣ್ಣ ಉರಿ. ನಡುವೆ ತೆಗೆದು ನೋಡುವ ಹಾಗಿಲ್ಲ. ಒಳಗೆ ಏನಾಗಿದೆ ಎಂಬುದನ್ನು ಮೂಗಿನಿಂದಲೇ ತಿಳಿಯಬೇಕು. ಕಣಕ ಒಡೆದು ಮುಚ್ಚಳ ಎತ್ತಿದಾಗ ಮಾಂಸದ ರಸವನ್ನೆಲ್ಲ ಕುಡಿದ ಆಲೂಗಡ್ಡೆ ಚಮಚ ತಾಗಿದರೆ ಬಿರಿಯುವಂತಿರಬೇಕು. ಕಲ್ಕತ್ತದವರು ಮಾಂಸದ ತುಂಡಿಗಿಂತ ಅದಕ್ಕೇ ಹೆಚ್ಚು ಜಗಳ ಆಡುತ್ತಾರೆ.

ಈ ಆಲೂಗಡ್ಡೆಯದೂ ವಲಸೆಯ ಕಥೆಯೇ. 1856ರಲ್ಲಿ ಕಂಪನಿ ಸರ್ಕಾರ ಅವಧದ ನವಾಬ ವಾಜಿದ್ ಅಲಿ ಶಾಹನನ್ನು ಪಟ್ಟದಿಂದ ಇಳಿಸಿತು. ಆತ ಕಲ್ಕತ್ತಕ್ಕೆ ಬಂದು ಹೂಗ್ಲಿ ದಂಡೆಯ ಮಟಿಯಾಬುರ್ಜ್‌ನಲ್ಲಿ ನೆಲೆಸಿದ. ಜೊತೆಗೆ ಗವಾಯಿಗಳು, ನರ್ತಕಿಯರು, ಬಾಣಸಿಗರು ಬಂದರು. ಲಖನೌದ ಬಿರಿಯಾನಿಗೆ ಆಲೂಗಡ್ಡೆ ಬಿದ್ದದ್ದು ಅಲ್ಲಿ. ಖಜಾನೆ ಸೊರಗಿ ಮಾಂಸ ಸಾಲದೆ ಹಾಕಿದರು ಎನ್ನುವವರಿದ್ದಾರೆ. ಆಗ ಆಲೂಗಡ್ಡೆಯೇ ಅಪರೂಪದ ತರಕಾರಿ, ಬೆಡಗಿಗೆ ಹಾಕಿದರು ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ರಾಜ್ಯ ಹೋದರೂ ನವಾಬನಿಗೆ ಷೋಕಿ ಹೋಗಿರಲಿಲ್ಲ.

ಅಸ್ಮಾ ಅವರ ಮೆನುವಿನ ಉಳಿದದ್ದೂ ಹೀಗೆಯೇ. ಮೊಮೊ ಡಾರ್ಜಿಲಿಂಗ್-ನೇಪಾಳದ ಕಡೆಯದು. ಬೀಟ್‌ರೂಟ್ ಚಾಪ್ ಎಂಬ ಕರಿದ ತಿಂಡಿಯಲ್ಲಿ ಆಂಗ್ಲೋ-ಇಂಡಿಯನ್ ಅಡುಗೆಯ ನೆರಳಿದೆ. ಪುಚ್ಕಾ ನಮ್ಮ ಪಾನಿಪುರಿಯ ತಂಗಿ. ಇನ್ನು ಚಿಲ್ಲಿ ಚಿಕನ್‌ನಂಥ ತಿನಿಸು ಬಂದದ್ದು ಕಲ್ಕತ್ತದಲ್ಲಿ, ಅದರಲ್ಲೂ ಚರ್ಮ ಹದ ಮಾಡುತ್ತಿದ್ದ ಟಾಂಗ್ರಾ ಬಡಾವಣೆಯಲ್ಲಿ ನೆಲೆ ನಿಂತ ಹಕ್ಕಾ ಚೀನೀಯರಿಂದ. ಇದು ನಮ್ಮನ್ನೂ ಮುಟ್ಟುವ ಕಥೆ: ಅದೇ ಕಲ್ಕತ್ತದ ಚೀನೀ ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್‌ನಲ್ಲಿ ಮಂಚೂರಿಯನ್ ಕಂಡುಹಿಡಿದರು. ಅದು ಗೋಬಿಯ ವೇಷ ತೊಟ್ಟು ನಮ್ಮ ತಾಲ್ಲೂಕು ಬಸ್‌ಸ್ಟ್ಯಾಂಡುಗಳ ತಳ್ಳುಗಾಡಿಗೂ ಬಂತು. ಅದಕ್ಕೆ ಕೃತಕ ಬಣ್ಣ ಹಾಕಬಾರದೆಂದು 2024ರಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಬೇಕಾಯಿತು!

2019ರಲ್ಲಿ ನೆಟ್‌ಫ್ಲಿಕ್ಸ್‌ನ ‘ಷೆಫ್ಸ್ ಟೇಬಲ್’ ಸರಣಿ ಅಸ್ಮಾ ಮೇಲೆ ಒಂದು ಕಂತು ಮಾಡಿತು. ಆ ಸರಣಿಗೆ ಬ್ರಿಟನ್ನಿನಿಂದ ಆಯ್ಕೆಯಾದ ಮೊದಲಿಗರು ಅವರು. 2024ರಲ್ಲಿ ‘ಟೈಮ್’ ಪತ್ರಿಕೆಯ ನೂರು ಪ್ರಭಾವಿಗಳ ಪಟ್ಟಿಯಲ್ಲೂ ಹೆಸರು ಬಂತು. ಹೋಟೆಲು ಒಂದು ಸಲ ಕಾವೆಂಟ್ ಗಾರ್ಡನ್‌ಗೆ ಹೋಗಿ 2023ರಲ್ಲಿ ಕಿಂಗ್ಲಿ ಕೋರ್ಟ್‌ಗೇ ಮರಳಿದೆ. ಬಿರುದುಗಳ ಪಟ್ಟಿ ಇನ್ನೂ ಉದ್ದವಿದೆ, ಬಿಡಿ.

ಅದಕ್ಕಿಂತ ಹೇಳಬೇಕಾದವು ಎರಡು. ಅದೇ 2019ರಲ್ಲಿ ಉತ್ತರ ಇರಾಕ್‌ನ ಎಸ್ಯಾನ್ ನಿರಾಶ್ರಿತರ ಶಿಬಿರದಲ್ಲಿ, ಐಸಿಸ್ ಕೈಯಿಂದ ಪಾರಾಗಿ ಬಂದ ಯಜೀದಿ ಹೆಣ್ಣುಮಕ್ಕಳು ತಾವೇ ನಡೆಸುವ ಕೆಫೆಯೊಂದನ್ನು ತೆರೆಯಲು ಅಸ್ಮಾ ಕೈಜೋಡಿಸಿದರು. ಇನ್ನೊಂದು, ‘ಎರಡನೆಯ ಮಗಳ ನಿಧಿ’. ಅಸ್ಮಾ ಮನೆಗೆ ಎರಡನೆಯ ಹೆಣ್ಣು. ತಾನು ಹುಟ್ಟಿದಾಗ ತಾಯಿ ಅತ್ತರು ಎಂದು ಅವರೇ ಹೇಳಿಕೊಂಡಿದ್ದಾರೆ. ಮತ್ತೆ ಹೆಣ್ಣೇ ಎಂದು ಮನೆ ಮಂಕಾಗುವ ಕಡೆ ಆ ಮಗುವಿಗೂ ಸಿಹಿ ಹಂಚಲಿ, ಹಬ್ಬ ಮಾಡಲಿ ಎಂದು ಈ ನಿಧಿಯಿಂದ ಹಣ ಹೋಗುತ್ತದೆ. ನಮ್ಮ ಊರುಗಳಲ್ಲಿ ಗಂಡು ಹುಟ್ಟಿದರೆ ಪೇಢೆಯ ಡಬ್ಬಿ ಮನೆ ಮನೆಗೆ ಹೋಗುವುದನ್ನೂ ಹೆಣ್ಣಾದರೆ ಫೋನಿನಲ್ಲೇ ಸುದ್ದಿ ಮುಗಿಯುವುದನ್ನೂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲಂಡನ್‌ಗೆ ಹೋಗುವವರು ಆಕ್ಸ್‌ಫರ್ಡ್ ಸರ್ಕಸ್ ನಿಲ್ದಾಣದಲ್ಲಿ ಇಳಿದರೆ ಕಿಂಗ್ಲಿ ಕೋರ್ಟ್ ನಡೆದೇ ಹೋಗುವಷ್ಟು ಹತ್ತಿರ. ಜಾಗ ಮೊದಲೇ ಕಾಯ್ದಿರಿಸಿ. ಮಾಂಸ ತಿನ್ನದವರು ಪುಚ್ಕಾ, ಬೀಟ್‌ರೂಟ್ ಚಾಪ್ ಕೇಳಿ. ಒಲೆ ಕಾಣುವ ಮೇಜು ಸಿಕ್ಕರೆ ಅಲ್ಲೇ ಕೂರಿ. ಊಟ ಮುಗಿದ ಮೇಲೆ ಅಡುಗೆ ಮಾಡಿದವರಿಗೆ ಚೆನ್ನಾಗಿತ್ತು ಎಂದು ಒಂದು ಮಾತು ಹೇಳಿ ಬನ್ನಿ. ಬಹುಪಾಲು ಅವರಿಗೆ ಹಿಂದಿ ಬರುತ್ತದೆ.