ಕಿವಿಯ ಹತ್ತಿರ ಒಂದು ಕಾಯಿ

ಅಪ್ಪನ ಬಲಗೈ ಅರಳಿತು!

ನಾಲ್ಕು ತಿಂಗಳಿಂದ ಮುಷ್ಟಿ ಕಟ್ಟಿಕೊಂಡೇ ಇದ್ದ ಕೈ ಅದು. ಲಕ್ವ ಹೊಡೆದ ಮೇಲೆ ಕಾಲು ಹೇಗೋ ದಾರಿಗೆ ಬಂತು, ಕೋಲೂರಿಕೊಂಡು ತೋಟದ ಬದುವಿನ ತನಕ ಹೋಗಿಬರುವಷ್ಟಾಯಿತು. ಕೈ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮನೆಮಂದಿಯೆಲ್ಲ ಸೇರಿ ರಬ್ಬರ್ ಚೆಂಡು ತಂದುಕೊಟ್ಟು, ದಿನಕ್ಕೆ ಐವತ್ತು ಸಲ ಹಿಸುಕಬೇಕು ಅಂತ ಬೆನ್ನುಬಿದ್ದೆವು. ಅಪ್ಪ ಎರಡು ದಿನ ಹಿಸುಕಿದರು, ಮೂರನೆಯ ದಿನ ಚೆಂಡು ಮಂಚದ ಕೆಳಗೆ ಉರುಳಿತು. ಅಂಥ ಕೈ, ಅಟ್ಟದಿಂದ ಇಳಿಸಿದ ಒಂದು ಒಣಗಾಯಿಯ ಮುಂದೆ, ನಮ್ಮೆಲ್ಲರ ಕಣ್ಣೆದುರಿಗೆ, ಹೆಬ್ಬೆರಳು ಮೊದಲು, ಆಮೇಲೆ ಪಕ್ಕದ ಎರಡು ಬೆರಳು, ಹೀಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಹೋಯಿತು.

ಕಾಯಿ ತಂದವಳು ನನ್ನ ಅಕ್ಕನ ಮಗಳು. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿ ಓದುತ್ತಿದ್ದಾಳೆ, ಮೂರನೆಯ ವರ್ಷ. ಅದೇನು ಓದು ಅಂತ ತುರುವೇಕೆರೆಯ ನಮ್ಮ ನೆಂಟರಿಗೆ ಹೇಳಿ ಮುಗಿಸುವಷ್ಟರಲ್ಲಿ ಸಾಕಾಗುತ್ತಿತ್ತು. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಅಂದರೆ ಕೆಲಸ ಕೊಡಿಸುವ ಆಫೀಸಿನ ಹಾಗೆ ಕೇಳಿಸುತ್ತದೆ. ನಿಜ ಹೇಳುತ್ತೇನೆ, ಆ ದಿನದವರೆಗೆ ನನಗೂ ಅದರ ತಲೆಬುಡ ಗೊತ್ತಿರಲಿಲ್ಲ. ರಜೆಗೆ ಬಂದವಳು ಮೊದಲು ಮಂಚದ ಕೆಳಗಿನ ಚೆಂಡನ್ನು ಎತ್ತಿ ನೋಡಿದಳು.

"ಮಾವ, ಮುಚ್ಚಿಕೊಂಡಿರೋ ಕೈಗೆ ಮುಚ್ಚೋದನ್ನೇ ಕಲಿಸ್ತಿದ್ದೀರಲ್ಲ. ತಾತನಿಗೆ ಬೇಕಾಗಿರೋದು ಬಿಚ್ಚೋದು."

ಎಷ್ಟು ಸರಳ! ನಾಲ್ಕು ತಿಂಗಳು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ! ತಾನಿನ್ನೂ ಓದುತ್ತಿರುವವಳು ಅಂತ ಹೇಳಿ ತನ್ನ ಮೇಡಂಗೆ ಫೋನ್ ಹಚ್ಚಿದಳು, ಅರ್ಧ ಗಂಟೆ ಏನೇನೋ ಕೇಳಿ ಬರೆದುಕೊಂಡಳು. ತಾತನ ಅಂಗೈಯಲ್ಲಿ ಸ್ಪರ್ಶ ಎಷ್ಟಿದೆ ಅಂತ ಕಣ್ಣು ಮುಚ್ಚಿಸಿ ನೋಡಿದಳು. ಆಮೇಲೆ ಏಣಿ ಹತ್ತಿ ಅಟ್ಟದಿಂದ ಒಂದು ಕಾಯಿ ಇಳಿಸಿ ಅವರ ಮುಂದೆ ಹಿಡಿದಳು.

"ತಾತ, ಇದು ಕೊಬ್ಬರಿ ಆಗಿದೆಯಾ ನೋಡು. ನಂಗೆ ಗೊತ್ತಾಗ್ತಿಲ್ಲ."

ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಉಂಡೆ ಕೊಬ್ಬರಿ ಬಿಸಿಲಿಗೆ ಹರಡಿ ಒಣಗಿಸಿದ್ದಲ್ಲ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಕರಟದಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಆಗ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಲೊಟಲೊಟ ಅನ್ನುತ್ತದೆ. ಆ ಸದ್ದು ಓದಲು ಬರಬೇಕು. ಅಪ್ಪ ಅರವತ್ತು ವರ್ಷ ಓದಿದ್ದಾರೆ.

ಎಡಗೈ ಮುಂದೆ ಬಂತು. ಬಲಗೈ ತೊಡೆಯ ಮೇಲಿಂದ ಎದ್ದಿತು, ತಾನಾಗಿ ಎದ್ದಿತು! ಬೆರಳು ನಡುಗುತ್ತಾ ಬಿಚ್ಚಿ ಸಿಪ್ಪೆಯ ದುಂಡಿಗೆ ತಗುಲಿಕೊಂಡವು. ಎರಡೂ ಕೈಯಲ್ಲಿ ಕಾಯಿ ಕಿವಿಗೆ ಹೋಯಿತು. ಮನೆಯಲ್ಲಿ ಯಾರೂ ಉಸಿರಾಡಲಿಲ್ಲ.

"ಇನ್ನೂ ಹದಿನೈದು ದಿನ ಬಿಡಬೇಕು ಕಣವ್ವ," ಅಂದರು ಅಪ್ಪ.

ಇದು ಪವಾಡ ಅಂತ ನಾನು ಕಣ್ಣೊರೆಸಿಕೊಂಡರೆ, ಅವಳು ನಗುತ್ತಾ ಪುಸ್ತಕ ತೆಗೆದಳು. ಪವಾಡವಲ್ಲ, ಅಳತೆ ಮಾಡಿ ನೋಡಿರುವ ಸಂಗತಿ! ಕ್ಯಾಥರೀನ್ ಟ್ರಾಂಬ್ಲಿ, ಚಿಂಗ್-ಯಿ ವು ಮೊದಲಾದ ಸಂಶೋಧಕರು ಲಕ್ವ ಹೊಡೆದವರನ್ನು ಮೇಜಿನ ಮುಂದೆ ಕೂರಿಸಿ, ಎದುರಿಗೆ ನಿಜವಾದ ನಾಣ್ಯಗಳನ್ನಿಟ್ಟು ಬಾಚಿಕೊಳ್ಳಿ ಅಂದರು. ಇನ್ನೊಂದು ಸಲ ನಾಣ್ಯವಿಲ್ಲದೆ, ಇದೆ ಅಂದುಕೊಂಡು ಕೈ ಆಡಿಸಿ ಅಂದರು. ಅದೇ ಮನುಷ್ಯ, ಅದೇ ತೋಳು, ಅದೇ ದೂರ. ಆದರೂ ನಿಜವಾದ ನಾಣ್ಯ ಇದ್ದಾಗ ಕೈ ಹೆಚ್ಚು ಬೇಗ, ಹೆಚ್ಚು ನುಣುಪಾಗಿ ಚಲಿಸಿತು. ಮಿದುಳು ಬೆರಳಿಗೆ ಬರಿಯ ಆಜ್ಞೆ ಕೊಟ್ಟು ಸುಮ್ಮನಿರುವುದಿಲ್ಲ, ಕೆಲಸ ಕೊಡುತ್ತದೆ. ಚೆಂಡಿನಲ್ಲಿ ಅಪ್ಪನಿಗೆ ಕೆಲಸ ಇರಲಿಲ್ಲ. ಕಾಯಿಯಲ್ಲಿ ಇತ್ತು.

ಅವಳ ಇನ್ನೊಂದು ನೋಟ್‌ಬುಕ್ ನೋಡಿದ ಮೇಲಂತೂ ನಾನು ಬೆರಗಾಗಿ ಕೂತುಬಿಟ್ಟೆ. ದಿನನಿತ್ಯದ ಒಂದು ಕೆಲಸ ತೆಗೆದುಕೊಂಡು ಅದನ್ನು ಎಳೆ ಎಳೆಯಾಗಿ ಬಿಡಿಸಿ ಬರೆಯುವುದು ಈ ಓದಿನ ಮೊದಲ ಪಾಠಗಳಲ್ಲೊಂದಂತೆ. ಹಲ್ಲುಜ್ಜುವುದು, ಕಾಫಿ ಬೆರೆಸುವುದು, ಅಂಗಿ ಗುಂಡಿ ಹಾಕುವುದು, ಯಾವುದಾದರೂ ಸರಿ. ನಮ್ಮ ಹುಡುಗಿ ಬರೆದದ್ದು ಕಾಯಿ ಸುಲಿಯುವುದನ್ನು. ಹನ್ನೊಂದು ಪುಟ! ನೆಲದಲ್ಲಿ ನೆಟ್ಟ ಹಾರೆಯ ಮುಂದೆ ಪಾದ ಎಷ್ಟು ಅಗಲ ಇರಬೇಕು, ಕಾಯನ್ನು ಮೊನೆಗೆ ಎಷ್ಟು ಓರೆಯಾಗಿ ಕುಕ್ಕಬೇಕು, ಕುಕ್ಕಿದ ಮರುಕ್ಷಣ ಮುಂಗೈ ಹೇಗೆ ತಿರುಚಿಕೊಳ್ಳುತ್ತದೆ, ಭುಜ ಯಾವಾಗ ಭಾರ ಹೊರುತ್ತದೆ, ಸಿಪ್ಪೆ ಬಿಡುವ ಸದ್ದಿಗೆ ಕಿವಿ ಹೇಗೆ ಕಾಯುತ್ತದೆ, ಸುಲಿಯುವವನು ಎಣಿಕೆ ತಪ್ಪದೆ ಮನಸ್ಸನ್ನು ಎಲ್ಲಿ ಇಟ್ಟಿರುತ್ತಾನೆ. ದಿನಕ್ಕೆ ಸಾವಿರದ ಮೇಲೆ ಕಾಯಿ ಸುಲಿಯುವವರನ್ನು ಹುಟ್ಟಿದಾಗಿನಿಂದ ನೋಡುತ್ತಾ ಬಂದ ನಾನು ಒಂದು ದಿನವೂ ಅವರ ಮುಂಗೈ ನೋಡಿರಲಿಲ್ಲ.

ಕೈ ಅಂದರೆ 27 ಮೂಳೆ. ಅದರ ಹಿಡಿತಗಳನ್ನು ಬ್ರಿಟಿಷ್ ವೈದ್ಯ ಜಾನ್ ನೇಪಿಯರ್ 1956ರಲ್ಲಿ ಎರಡು ಬಗೆಯಾಗಿ ವಿಂಗಡಿಸಿದ, ಬಲದ ಹಿಡಿತ ಮತ್ತು ನಾಜೂಕಿನ ಹಿಡಿತ. ಮಚ್ಚಿನ ಹಿಡಿಗೆ ಒಂದು, ಕರಟ ಒಡೆದು ಉಂಡೆ ಮುರಿಯದ ಹಾಗೆ ಕೊಬ್ಬರಿ ಬಿಡಿಸುವ ಹೆಂಗಸರ ಬೆರಳ ತುದಿಗೆ ಇನ್ನೊಂದು. ಒಂದು ಕೊಬ್ಬರಿ ಮಂಡಿಗೆ ಹೋಗುವಷ್ಟರಲ್ಲಿ ಎರಡೂ ಎಷ್ಟು ಸಲ ಅದಲುಬದಲಾಗುತ್ತವೋ! ನಮ್ಮ ಕಣದಲ್ಲೇ ಒಂದು ವಿಶ್ವವಿದ್ಯಾಲಯ ನಡೆಯುತ್ತಿತ್ತು, ನಾವು ಅದರೊಳಗೆ ಓಡಾಡಿಕೊಂಡಿದ್ದೆವು.

ಇಷ್ಟಕ್ಕೂ ಈ ವಿದ್ಯೆ ಹುಟ್ಟಿದ್ದು ಹೇಗೆ ಗೊತ್ತೆ? ಅಮೆರಿಕದ ಜಾರ್ಜ್ ಬಾರ್ಟನ್ ಅನ್ನುವ ವಾಸ್ತುಶಿಲ್ಪಿಗೆ ಕ್ಷಯ ಅಂಟಿತು, ಕಾಲಿನ ಬೆರಳು ಕತ್ತರಿಸಬೇಕಾಯಿತು, ಮೈಯ ಎಡಭಾಗ ಸ್ವಾಧೀನ ತಪ್ಪಿತು. ಆ ಮನುಷ್ಯ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿನಲ್ಲಿ ತೋಟ ಅಗೆಯುತ್ತಾ, ಮರಗೆಲಸ ಮಾಡುತ್ತಾ ತನ್ನ ಮೈಯನ್ನು ತಾನೇ ವಾಪಸ್ ಪಡೆದ! 1917ರ ಮಾರ್ಚ್‌ನಲ್ಲಿ ಅವನ ಮನೆಯಲ್ಲೇ ಆರು ಜನ ಸೇರಿ ಸಂಘ ಕಟ್ಟಿದರು. ಅಲ್ಲಿಂದ ಇಂಡಿಯಾಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಇಲ್ಲಿಯವರನ್ನು ಮದುವೆಯಾಗಿ, ಇಲ್ಲಿಯವರೇ ಆಗಿ, ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿ ಫಿಲಡೆಲ್ಫಿಯಾಕ್ಕೆ ಹೋಗಿ ಕಲಿತು ಬಂದ ಹೆಣ್ಣುಮಗಳು. 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ತೆರೆದರು. ಎರಡೇ ವರ್ಷಕ್ಕೆ, 1952ರಲ್ಲಿ, ಈ ವೃತ್ತಿಯ ವಿಶ್ವ ಒಕ್ಕೂಟ ಕಟ್ಟಿದ ಹತ್ತು ದೇಶಗಳಲ್ಲಿ ನಮ್ಮದೂ ಒಂದಾಗಿತ್ತು. ಆಗಷ್ಟೇ ಸ್ವತಂತ್ರವಾಗಿದ್ದ ದೇಶ!

ಪಿಯುಸಿಯಲ್ಲಿ ವಿಜ್ಞಾನ ಓದಿದ ಮಕ್ಕಳು ನಾಲ್ಕು ವರ್ಷ ಇದನ್ನು ಓದುತ್ತಾರೆ, ಮೇಲೆ ಇಂಟರ್ನ್‌ಶಿಪ್. ವಿಶ್ವ ಒಕ್ಕೂಟದ ಲೆಕ್ಕದಲ್ಲಿ ಕಡಿಮೆ ಅಂದರೂ 1000 ಗಂಟೆ ರೋಗಿಗಳ ಜೊತೆಯಲ್ಲೇ ಕಲಿಯಬೇಕು. ಶರೀರಶಾಸ್ತ್ರ, ನರಶಾಸ್ತ್ರದ ಪಕ್ಕದಲ್ಲೇ ಮನಶ್ಶಾಸ್ತ್ರ. ಬಿಸಿನೀರಿಗೆ ಹಾಕಿದರೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ, ಜೋತುಬಿದ್ದ ಮುಂಗೈಗೆ ಸ್ಪ್ಲಿಂಟ್ ಕಟ್ಟುವುದನ್ನೂ ಕಲಿಯುತ್ತಾರೆ. ಬಟ್ಟೆಯ ಸ್ಪರ್ಶವನ್ನೇ ತಾಳಲಾರದ ಮಗುವಿನಿಂದ ಹಿಡಿದು ಸುಟ್ಟ ಗಾಯದವರವರೆಗೆ ಎಲ್ಲರೂ ಇವರ ಮುಂದೆ ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಮನಸ್ಸು ನೊಂದವರು ಬೇಕರಿಯಲ್ಲಿ, ಮರಗೆಲಸದಲ್ಲಿ, ನೇಯ್ಗೆಯಲ್ಲಿ ದಿನದ ಲಯ ಮತ್ತೆ ಹಿಡಿಯುತ್ತಾರೆ. ಇಷ್ಟೆಲ್ಲವನ್ನೂ ಹೊಲೆದಿರುವುದು ಒಂದೇ ಪ್ರಶ್ನೆ: ನಿಮಗೆ ಯಾವ ಕೆಲಸ ಮತ್ತೆ ಮಾಡಬೇಕು ಅನ್ನಿಸುತ್ತದೆ? ನನ್ನ ಕೇಳಿದರೆ ಇದಕ್ಕೆ ಕಾಯಕ ಅನ್ನುವ ಪದವೇ ಸರಿ. ಕಾಯವೂ ಅದರೊಳಗೇ ಇದೆ.

ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಕೂಗಿಕೊಂಡಳು. ಓಡಿಹೋದೆ. ಕೈಯಲ್ಲಿ ಅವ್ವನ ಈಳಿಗೆಮಣೆ!

ಒಂದೇ ಕೈ ಇರುವವರು ತರಕಾರಿ ಹೆಚ್ಚುವುದು ಹೇಗೆ ಅಂತ ತರಗತಿಯಲ್ಲಿ ಪಾಠ ಆಗಿತ್ತಂತೆ. ಚಾಕುವಿನಲ್ಲಿ ಹೆಚ್ಚಲು ಎರಡು ಕೈ ಬೇಕು, ಒಂದು ಹಿಡಿಯಲು, ಒಂದು ಕೊಯ್ಯಲು. ಅದಕ್ಕೇ ಮೊಳೆ ಹೊಡೆದ ಹಲಗೆ ಮಾಡಿ ಆಲೂಗಡ್ಡೆಯನ್ನು ಅದಕ್ಕೆ ಚುಚ್ಚಿ ನಿಲ್ಲಿಸುತ್ತಾರೆ. ಈಳಿಗೆಮಣೆಯಲ್ಲಿ ಅಲಗೇ ನಿಂತಿದೆ! ತರಕಾರಿ ಮಾತ್ರ ಚಲಿಸಬೇಕು, ಅದಕ್ಕೆ ಒಂದು ಕೈ ಸಾಕು. ತೆಂಗಿನಕಾಯಿ ತುರಿಮಣೆಯೂ ಹಾಗೆಯೇ. ಹೊರಗೆ ಕಣದಲ್ಲಿ ನೆಟ್ಟ ಹಾರೆಯೂ ಹಾಗೆಯೇ ಅಲ್ಲವೆ, ಹಾರೆ ನಿಂತಿರುತ್ತದೆ, ಕಾಯಿ ಅದರ ಹತ್ತಿರ ಬರುತ್ತದೆ! ಕರಟದ ಸೌಟಿನ ದಪ್ಪ ಹಿಡಿ ಇನ್ನೊಂದು ಬೆರಗು. ಸ್ಟೀಲ್ ಚಮಚದ ತೆಳು ಹಿಡಿಗೆ ಮುಚ್ಚಿಕೊಳ್ಳದ ಬೆರಳು ದಪ್ಪ ಹಿಡಿಗೆ ನಿಲ್ಲುತ್ತದೆ. ಚಮಚಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಅಪ್ಪನಿಗೆ ಕೊಟ್ಟಳು, ಅಂದು ರಾತ್ರಿ ಅವರು ಮೊಸರನ್ನ ತಾವೇ ತಿಂದರು. ಆದರೆ ಈಳಿಗೆಮಣೆಯನ್ನು ಅಪ್ಪನ ಹತ್ತಿರ ಸುಳಿಯಗೊಡಲಿಲ್ಲ. ಸ್ಪರ್ಶ ಮಂದವಾದ ಕೈಗೆ ಗಾಯವಾದರೂ ತಿಳಿಯುವುದಿಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳನ್ನು ವರ್ಷಗಟ್ಟಲೆ ಕಂಡ ಡಾ. ಪಾಲ್ ಬ್ರ್ಯಾಂಡ್ ಲೋಕಕ್ಕೆ ತೋರಿಸಿದ್ದು ಇದನ್ನೇ: ಬೆರಳು ಕಳೆದುಹೋಗುವುದು ಹೆಚ್ಚಾಗಿ ನೋವು ತಿಳಿಯದೆ ಆಗುವ ಗಾಯಗಳಿಂದ.

ನನ್ನ ಮನಸ್ಸು ಮಾತ್ರ ಮರದಿಂದ ಬಿದ್ದವರ ಕಡೆಗೆ ಹೋಗುತ್ತಿತ್ತು. ಈ ಸೀಮೆಯ ಯಾವ ಊರಿಗೆ ಹೋದರೂ ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರ ಮಾತು ಬರುತ್ತದೆ. ಅವರಿಗೆ ಹಾಸಿಗೆ ಕೊಟ್ಟೆವು, ಅನ್ನ ಕೊಟ್ಟೆವು, ಅಯ್ಯೋ ಪಾಪ ಅಂದೆವು. ಗಾಲಿಕುರ್ಚಿಯಲ್ಲಿ ಕೂತವನು ಒತ್ತುಹುಣ್ಣು ಆಗದಂತೆ ಆಗಾಗ ತೋಳಿನ ಬಲದಲ್ಲಿ ಮೈ ಎತ್ತಬೇಕು ಅಂತ ಹೇಳಿಕೊಡುವವರು ಬೇಕಿತ್ತು. ತೂಕದ ಮೇಜು ಯಾವ ಎತ್ತರಕ್ಕಿದ್ದರೆ ಅವನು ಕೊಬ್ಬರಿ ಆರಿಸಬಲ್ಲ ಅಂತ ಅಳೆದು ನೋಡುವವರು ಬೇಕಿತ್ತು. 2021ರಲ್ಲಿ ಕೇಂದ್ರದ ಕಾಯಿದೆಯೊಂದು ಔದ್ಯೋಗಿಕ ಚಿಕಿತ್ಸೆಯೂ ಸೇರಿದ ಇಂಥ ವೃತ್ತಿಗಳಿಗೆ ಒಂದು ಆಯೋಗ ಕಟ್ಟಿದೆ. ಅಂಥವರು ತಾಲ್ಲೂಕು ಆಸ್ಪತ್ರೆಗೆ ಬಂದು ಕೂರಲಿ, ನಮ್ಮ ಅಟ್ಟಗಳ ತನಕ ಬರಲಿ, ಬೇಗ ಬರಲಿ!

ರಜೆ ಮುಗಿಯುವ ಹಿಂದಿನ ಸಂಜೆ. ಕಾಯಿ ನೋಡುವುದನ್ನೂ ಅವಳು ಎಳೆ ಎಳೆಯಾಗಿ ಬರೆದಿದ್ದಳು. ಕಾಯಿ ಹಿಡಿದು ಕೂತಿದ್ದ ತಾತನ ಪಕ್ಕ ಕೂತು ಓದಿ ಹೇಳಿದಳು: ಕಾಯನ್ನು ಕಿವಿಗೆ ತರುವುದು, ಅಲ್ಲಾಡಿಸುವುದು, ಕೇಳುವುದು. ಅಪ್ಪ ತಲೆ ಅಲ್ಲಾಡಿಸಿದರು.

"ತೂಕ ನೋಡದೆ ಅಲ್ಲಾಡಿಸಿದ್ರೆ ಏನು ಬಂತು? ಒಳಗೆ ನೀರಿದ್ರೆ ಕೈಗೇ ಗೊತ್ತಾಗ್ತದೆ. ಇನ್ನೊಂದು ಕಾಯಿ ಕೊಡು."

ಅವಳು ಪೆನ್ನು ಕೆಳಗಿಟ್ಟು ಇನ್ನೊಂದು ಕಾಯಿ ಕೊಟ್ಟಳು. ಎರಡು ಕಾಯಿಯ ತೂಕ ಹೋಲಿಸಬೇಕಾದರೆ ಎರಡು ಅಂಗೈ ಬೇಕು. ಎಡಗೈ ತನ್ನ ಕಾಯನ್ನು ತೆಗೆದುಕೊಂಡು ಪಕ್ಕಕ್ಕೆ ಸರಿಯಿತು. ಬಲಗೈಯ ಮೇಲೆ, ಯಾವ ಆಸರೆಯೂ ಇಲ್ಲದೆ, ಒಂದು ಕಾಯಿ ನಿಂತಿತ್ತು.